ಮೂಟೋನ್ ರಾಥ್ಸ್‌ಚೈಲ್ಡ್ ವೈನಿಗೆ ಅಷ್ಟೊಂದು ಹೆಸರು ಯಾಕೆ? ರುಚಿ ಹೇಗಿರುತ್ತೆ?

ನಾನು ಕುಡಿದಿರುವುದು ಒಂದೇ ಸಲ. 2000ನೇ ಇಸವಿಯ ಒಂದು ಬಾಟಲಿಯನ್ನು ಎಂಟು ಜನ ಹಂಚಿಕೊಂಡಿದ್ದೆವು. ಆ ವರ್ಷದ ಬಾಟಲಿಗೆ ಕಾಗದದ ಲೇಬಲ್ಲೇ ಇಲ್ಲ, ಗಾಜಿನ ಮೇಲೇ ಚಿನ್ನದ ಬಣ್ಣದ ಟಗರು. ಮೂಟೋನ್ ಅಂದರೆ ಫ್ರೆಂಚಿನಲ್ಲಿ ಕುರಿ. ನಮ್ಮ ಬಾಯಲ್ಲಿರುವ ಮಟನ್ ಕೂಡ ಅದೇ ಪದದಿಂದ ಬಂದದ್ದು!

ಬಾಟಲಿ ತೆರೆದಾಗ ಏನೂ ಗೊತ್ತಾಗಲಿಲ್ಲ. ಜಗ್ಗಿಗೆ ಸುರಿದು ಎರಡು ಗಂಟೆ ಬಿಟ್ಟ ಮೇಲೆ ಮೂಗಿಗೆ ಬಂದದ್ದು ಆಗತಾನೆ ಮೆಂಡರ್‌ನಲ್ಲಿ ಕೆತ್ತಿದ ಪೆನ್ಸಿಲ್ಲಿನ ವಾಸನೆ. ಮರದ ಸಿಪ್ಪೆ, ಸೀಸ, ಎರಡೂ. ಹಿಂದೆಯೇ ಬ್ಲ್ಯಾಕ್‌ಕರಂಟ್ ಹಣ್ಣು, ಆಮೇಲೆ ಹುರಿದ ಕಾಫಿ ಬೀಜ. ಸಿಹಿ ಇಲ್ಲವೇ ಇಲ್ಲ. ನೇರಳೆ ಹಣ್ಣು ತಿಂದರೆ ನಾಲಿಗೆ ಹಿಡಿದ ಹಾಗಾಗುತ್ತದೆ ಅಲ್ವಾ, ಆ ಥರದ ಒಗರು. ಇದರಲ್ಲಿ ಜಾಸ್ತಿ ಇರುವುದು ಕ್ಯಾಬರ್ನೆ ಸೊವಿನ್ಯೊನ್ ದ್ರಾಕ್ಷಿ. ಸಣ್ಣ ಹಣ್ಣು, ದಪ್ಪ ಸಿಪ್ಪೆ. ಒಗರು ಹೆಚ್ಚಾಗಿ ಬರುವುದು ಸಿಪ್ಪೆ, ಬೀಜಗಳಿಂದ. ಫ್ರಾನ್ಸಿನ ಬೋರ್ಡೋ ಸೀಮೆಯ ಪೊಯಾಕ್‌ನಲ್ಲಿರುವ ಈ ತೋಟದ್ದು ನೀರು ನಿಲ್ಲದ ಗರಸು ನೆಲ, ಆ ದ್ರಾಕ್ಷಿಗೆ ಹೇಳಿ ಮಾಡಿಸಿದ್ದು.

ಇನ್ನು ಹೆಸರಿನ ಕಥೆ. ನನ್ನ ಪ್ರಕಾರ ಅರ್ಧ ಹೆಸರು ಒಬ್ಬ ಮನುಷ್ಯನ ಹಟದಿಂದ ಬಂದದ್ದು. ತೋಟವನ್ನು ರಾಥ್ಸ್‌ಚೈಲ್ಡ್ ಮನೆತನ ಕೊಂಡದ್ದು 1853ರಲ್ಲಿ. ಎರಡೇ ವರ್ಷಕ್ಕೆ, 1855ರಲ್ಲಿ, ಬೋರ್ಡೋ ವೈನುಗಳಿಗೆ ದರ್ಜೆ ಕೊಟ್ಟಾಗ ಇದಕ್ಕೆ ಸಿಕ್ಕಿದ್ದು ಎರಡನೇ ದರ್ಜೆ. 1922ರಲ್ಲಿ ಅದೇ ಮನೆತನದ ಇಪ್ಪತ್ತರ ಹುಡುಗ ಫಿಲಿಪ್ ತೋಟದ ಹೊಣೆ ಹೊತ್ತ. ಆಗೆಲ್ಲ ವೈನನ್ನು ಪೀಪಾಯಿಯಲ್ಲೇ ವ್ಯಾಪಾರಿಗಳಿಗೆ ಕೊಟ್ಟುಬಿಡುತ್ತಿದ್ದರು, ಬಾಟಲಿಗೆ ತುಂಬುವುದು ಅವರ ಕೆಲಸ. ಫಿಲಿಪ್ 1924ರಿಂದ ಅದನ್ನು ತೋಟದಲ್ಲೇ ಮಾಡಿಸಿದ. ಕಲಬೆರಕೆಗೆ ದಾರಿಯೇ ಇಲ್ಲ ನೋಡಿ. 'ಮೊದಲನೆಯವನಾಗಲಾರೆ, ಎರಡನೆಯವನಾಗಲು ಒಪ್ಪೆ, ನಾನು ಮೂಟೋನ್' ಅನ್ನುವುದು ಆಗ ತೋಟದ ಘೋಷವಾಕ್ಯವಾಗಿತ್ತು. ಕೊನೆಗೂ 1973ರಲ್ಲಿ ಮೊದಲ ದರ್ಜೆ ಸಿಕ್ಕಿತು, ಆದೇಶಕ್ಕೆ ಸಹಿ ಹಾಕಿದ್ದು ಆಗಿನ ಕೃಷಿ ಮಂತ್ರಿ ಜಾಕ್ ಶಿರಾಕ್. ಆ ಪಟ್ಟಿಯಲ್ಲಿ ಎರಡರಿಂದ ಒಂದಕ್ಕೆ ಏರಿದ್ದು ಇದೊಂದೇ ತೋಟ.

1945ರಿಂದ ಹೆಚ್ಚುಕಡಿಮೆ ಪ್ರತಿವರ್ಷ ಒಬ್ಬೊಬ್ಬ ಕಲಾವಿದರ ಚಿತ್ರ ಲೇಬಲ್ ಮೇಲೆ ಬರುತ್ತದೆ. 1973ರದ್ದು ಪಿಕಾಸೊ. 2009ರದ್ದು ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್. ಸಂಭಾವನೆ ದುಡ್ಡಲ್ಲ, ವೈನ್! ಚಿತ್ರಕ್ಕೋಸ್ಕರವೇ ಬಾಟಲಿ ಕೂಡಿಡುವವರಿದ್ದಾರೆ. ಬೆಲೆ ಏರಲು ಅದೂ ಒಂದು ಕಾರಣ.

ಒಂದು ಮಾತು. ಅಂಗಡಿಯಲ್ಲಿ 'ಮೂಟೋನ್ ಕಾಡೆ' ಕಡಿಮೆ ಬೆಲೆಗೆ ಸಿಕ್ಕಿತು ಅಂತ ಖುಷಿಪಡಬೇಡಿ. ಕಂಪನಿ ಒಂದೇ, ವೈನ್ ಬೇರೆ. ಅದಕ್ಕೆ ಬೋರ್ಡೋದ ಬೇರೆಬೇರೆ ಬೆಳೆಗಾರರ ದ್ರಾಕ್ಷಿ ಬಳಸುತ್ತಾರೆ. ದಿನದ ಊಟಕ್ಕೆ ಚೆನ್ನಾಗಿಯೇ ಇದೆ, ಪೆನ್ಸಿಲ್ ವಾಸನೆ ಮಾತ್ರ ನನಗೆ ಸಿಗಲಿಲ್ಲ.