ಕೊನೆಗೌಡನಿಗೆ ಬಿಟ್ಟಿ ಮರ ಹತ್ತು ಅಂತೀರಾ?

ತೀರ್ಥಹಳ್ಳಿ ಕಡೆ ಹೋಂಸ್ಟೇ ಇಟ್ಟಿರೋ ಓದುಗರೊಬ್ಬರು ಕೇಳಿದ್ದಾರೆ: "ಹೊರಗೋಡೆಗೆ ಹಸೆ ಚಿತ್ತಾರ, ಒಂದು ಲೋಗೋ, ಇನ್‌ಸ್ಟಾಗ್ರಾಮಿಗೆ ಫೋಟೋ ಬೇಕು. ಆರ್ಟ್ಸ್ ಕಾಲೇಜ್ ಹುಡುಗರನ್ನ ಇಂಟರ್ನ್ ಅಂತ ಕರೆಸ್ಕೊಂಡು ಊಟ, ವಸತಿ, ಸರ್ಟಿಫಿಕೇಟ್ ಕೊಟ್ರೆ ಸಾಕಲ್ವಾ? ಎಲ್ಲಿ ಸಿಗ್ತಾರೆ?"

ಮೊದಲು ಒಂದು ತಿದ್ದುಪಡಿ, ಆರ್ಟ್ಸ್ ಕಾಲೇಜ್ ಅಂತ ಕೇಳಿದ್ರೆ ಬಿಎ ಹಿಸ್ಟರಿ ಓದೋ ಹುಡುಗ ಬರ್ತಾನೆ ಮಾರಾಯ್ರೆ. ನಿಮಗೆ ಬೇಕಿರೋದು ಬಿವಿಎ, ಅಂದ್ರೆ ಬ್ಯಾಚುಲರ್ ಆಫ್ ವಿಷುಯಲ್ ಆರ್ಟ್ಸ್ ಓದೋರು, ನಾಲ್ಕು ವರ್ಷದ ಡಿಗ್ರಿ ಅದು. ನಮಗೆ ಹತ್ತಿರ ಅಂದ್ರೆ ದಾವಣಗೆರೆಯ ದೃಶ್ಯಕಲಾ ಕಾಲೇಜು, ಆಮೇಲೆ ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು), ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಮಲೆನಾಡಿನ ಮಕ್ಕಳು ಅಲ್ಲೆಲ್ಲ ಓದ್ತಿದ್ದಾರೆ, ರಜೆಗೆ ಊರಿಗೆ ಬರ್ತಾರೆ, ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಕೇಳಿ.

ಇನ್ನು ಆ ಸರ್ಟಿಫಿಕೇಟ್ ವಿಷಯ. ಕೊನೆಕೊಯ್ಲಿಗೆ ಬಂದ ಕೊನೆಗೌಡನಿಗೆ, ಅಂದ್ರೆ ಅಡಿಕೆ ಮರ ಹತ್ತಿ ಕೊನೆ ಇಳಿಸೋನಿಗೆ, "ಇವತ್ತು ಬಿಟ್ಟಿ ಹತ್ತು, ನಾಲ್ಕು ಜನ ನೋಡ್ತಾರೆ, ನಿಂಗೆ ಹೆಸರು ಬರುತ್ತೆ" ಅಂತ ಹೇಳಿ ನೋಡಿ, ದೋಟಿ ನಿಮ್ಮ ಕೈಗೇ ಕೊಟ್ಟು ಹೋಗ್ತಾನೆ. ಚಿತ್ರ ಬರೆಯೋ ಹುಡುಗಿ ಮಾತ್ರ ಯಾಕೆ ಸುಮ್ನೆ ಒಪ್ತಾಳೆ ಅಂದ್ರೆ ಅವಳಿಗೆ ಇನ್ನೂ ಬೇಡ ಅನ್ನೋ ಧೈರ್ಯ ಬಂದಿಲ್ಲ, ಅಷ್ಟೇ. ನಾನೇನು ಸಾಚಾ ಅಲ್ಲ, ನಮ್ಮ ಪತ್ರಿಕೆಗೇ ಒಂದು ವಿಶೇಷಾಂಕದ ಮುಖಪುಟ ಸ್ಟೂಡೆಂಟ್ ಕೈಲಿ ಬರೆಸಿ, ಐದು ಸಲ ತಿದ್ದಿಸಿ, ಎರಡು ಗೌರವಪ್ರತಿ ಕಳಿಸಿ ಕೈ ತೊಳ್ಕೊಂಡಿದ್ದೆ. ಮುಂದಿನ ಸಲ ಫೋನ್ ಮಾಡಿದ್ರೆ ಆಕೆ ಎತ್ತಲಿಲ್ಲ, ನ್ಯಾಯವೇ.

ಬಿಟ್ಟಿ ಕೆಲಸದಲ್ಲಿ ನಿಮಗೂ ಲಾಸ್ ಇದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ಬರೆಸಿದ ಪೇಂಟಿಂಗಿಗೆ, ಬೇರೆ ಒಪ್ಪಂದ ಇಲ್ಲದಿದ್ರೆ, ಬರೆಸಿದವರೇ ಮೊದಲ ಹಕ್ಕುದಾರರು. ಪ್ರತಿಫಲವೇ ಕೊಡದಿದ್ರೆ ಆ ಮಾತು ಎಲ್ಲಿಂದ ಬರುತ್ತೆ? ಲೋಗೋಗೆ ಅಂತೂ ಹಕ್ಕು ನಿಮಗೆ ಅಂತ ಕಾಗದದಲ್ಲೇ ಬರೆಸಿ ಸಹಿ ಹಾಕಿಸ್ಕೊಳ್ಳಿ, ಎಷ್ಟು ವರ್ಷಕ್ಕೆ ಅನ್ನೋದನ್ನೂ ಸೇರಿಸಿ, ಅವಧಿ ಬರೆಯದಿದ್ರೆ ಕಾನೂನು 5 ವರ್ಷ ಅಂತಲೇ ಹಿಡಿಯುತ್ತೆ. ಹಕ್ಕು ನಿಮ್ಮದಾದ್ರೂ ಇದು ನಾನು ಮಾಡಿದ್ದು ಅಂತ ಹೇಳ್ಕೊಳ್ಳೋ ಅಧಿಕಾರ ಕಲಾವಿದರ ಹತ್ರನೇ ಉಳಿಯುತ್ತೆ, ಹಾಗಾಗಿ ಗೋಡೆ ಮೂಲೇಲಿ ಸಹಿ ಕಂಡ್ರೆ ಸುಣ್ಣ ಬಳಿಬೇಡಿ.

ಎಷ್ಟು ಕೊಡೋದು? ನಿಮ್ಮೂರಲ್ಲಿ ಗೋಡೆಗೆ ಬಣ್ಣ ಹೊಡಿಯೋರ ದಿನಗೂಲಿಗಿಂತ ಕಮ್ಮಿ ಬೇಡ, ಬಣ್ಣ ಬ್ರಷ್ ಬಸ್‌ಚಾರ್ಜ್ ಬೇರೆ, ಮೂರರಲ್ಲೊಂದು ಭಾಗ ಅಡ್ವಾನ್ಸ್. ಎರಡು ಸಲ ತಿದ್ದುಪಡಿ ಫ್ರೀ, ಮೂರನೇದಕ್ಕೆ ದುಡ್ಡು, ಇದನ್ನ ಮೊದಲೇ ಮಾತಾಡ್ಕೊಳ್ಳಿ. ಹತ್ತು ಜನರ ಹತ್ರ ಸ್ಯಾಂಪಲ್ ಮಾಡಿಸಿ ಒಂದನ್ನ ಆರಿಸೋ ಚಾಳಿ ಬೇಡ, ಅವರ ಹಳೇ ಕೆಲಸ ನೋಡಿದ್ರೆ ಸಾಕು. ಲೋಗೋ ಜೆಪೆಗ್ ಮಾತ್ರ ಇಸ್ಕೊಂಡು ಬರಬೇಡಿ, ಎಷ್ಟು ಹಿಗ್ಗಿಸಿದ್ರೂ ಒಡೆಯದ ಒರಿಜಿನಲ್ ವೆಕ್ಟರ್ ಫೈಲೂ ಕೇಳಿ, ಇಲ್ಲಾಂದ್ರೆ ಫ್ಲೆಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿದಾಗ ಅಂಚೆಲ್ಲ ಒಡೆದು ಕಾಣುತ್ತೆ.

ಊಟ ವಸತಿ ಕೊಡ್ತೀನಿ ಅಂದಿದ್ದು ಒಳ್ಳೇದೇ, ಆದ್ರೆ ಅದು ಸಂಬಳದ ಮೇಲೆ, ಸಂಬಳದ ಬದಲಿಗೆ ಅಲ್ಲ. ಇಂಟರ್ನ್ ಅಂತ ಕರೆಸಿ ಗೆಸ್ಟುಗಳಿಗೆ ಕಾಫಿ ಕೊಡೋಕೆ ನಿಲ್ಲಿಸಬೇಡಿ, ಕಲಿಸೋರು ಇಲ್ದಿದ್ರೆ ಅದಕ್ಕೆ ಇಂಟರ್ನ್‌ಶಿಪ್ ಅನ್ನೋದೂ ಬೇಡ, ಫ್ರೀಲಾನ್ಸ್ ಕೆಲಸ ಅಂತಲೇ ಕರೀರಿ.

ಹಸೆ ಚಿತ್ತಾರದ ಬಗ್ಗೆ ಒಂದು ಮಾತು. ಅದು ಮಲೆನಾಡಿನ ದೀವರ ಸಮುದಾಯದ ಹೆಣ್ಮಕ್ಕಳ ಕಲೆ, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಲ್ಲಿ, ಪುಂಡಿನಾರಿನ ಕುಂಚದಲ್ಲಿ ಎಳೆಯೋದು. ಬರೆಯೋ ಅಮ್ಮಂದಿರು ಸಾಗರ ಸೊರಬ ಕಡೆ ಈಗಲೂ ಇರೋವಾಗ ಸ್ಟೂಡೆಂಟ್ ಕೈಲಿ ನೆಟ್ ನೋಡಿ ಕಾಪಿ ಹೊಡೆಸೋದು ನಂಗೆ ಸರಿ ಕಾಣಲ್ಲ. ಅವರನ್ನ ಕರೆಸಿ, ಸ್ಟೂಡೆಂಟನ್ನ ಜೊತೆಗೆ ಸಹಾಯಕ್ಕೆ ನಿಲ್ಲಿಸಿ, ಇಬ್ಬರಿಗೂ ದುಡ್ಡು ಕೊಡಿ. ಅದೇ ನಿಜವಾದ ಇಂಟರ್ನ್‌ಶಿಪ್ ಆಗುತ್ತೆ ನೋಡಿ.

ಮಳೆಗಾಲದಲ್ಲಿ ಹೊರಗೋಡೆ ಮುಟ್ಟಬೇಡಿ, ದೀಪಾವಳಿ ಕಳೀಲಿ. ಅಷ್ಟರಲ್ಲಿ ಗೋಡೆ ಅಳತೆ, ಒಂದು ಫೋಟೋ ಕಳಿಸಿ, ಕಾಲೇಜಿನ ನೋಟೀಸ್ ಬೋರ್ಡಿಗೆ ಹಾಕೋ ಒಕ್ಕಣೆ ನಾನೇ ಬರೆದುಕೊಡ್ತೀನಿ. ಸಂಭಾವನೆ ಜಾಗದಲ್ಲಿ ಎಷ್ಟು ಬರೀಲಿ ಅನ್ನೋದನ್ನ ಮಾತ್ರ ನೀವೇ ಹೇಳ್ಬೇಕು.