ಕಾಲು ಎತ್ತಿಡುವ ವೀಲ್‌ಚೇರ್: ಅಂಗಡಿಗೆ ಹೋಗುವ ಮುಂಚೆ ಕಾಲು ನೋಡಿ, ಬಾಗಿಲು ನೋಡಿ

ಪ್ರಶ್ನೆ: ಮೇಡಂ, ನಮ್ಮ ಅತ್ತೆಗೆ 68 ವರ್ಷ. ಎರಡು ವಾರದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗಾಲಿನ ಮಂಡಿಯ ಕೆಳಗೆ ಮೂಳೆ ಮುರಿಯಿತು. ಆಪರೇಷನ್ ಆಗಿದೆ. ತೊಡೆಯಿಂದ ಪಾದದ ತನಕ ಪಟ್ಟಿ ಹಾಕಿದ್ದಾರೆ. ಆರು ವಾರ ಕಾಲು ಮಡಚಬಾರದು, ಊರಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅಂಗಡಿಯಲ್ಲಿ ಎರಡು ವೀಲ್‌ಚೇರ್ ತೋರಿಸಿದರು. ಒಂದು ಮಾಮೂಲಿಯದು, ಇನ್ನೊಂದರಲ್ಲಿ ಕಾಲನ್ನು ಮೇಲೆತ್ತಿ ಇಡಬಹುದು, ಆದರೆ ಅದು ಭಾರವೂ ಜಾಸ್ತಿ, ದುಡ್ಡೂ ಜಾಸ್ತಿ. ಮಾಮೂಲಿಯದನ್ನೇ ತಂದು ಎದುರಿಗೆ ಒಂದು ಸ್ಟೂಲ್ ಇಟ್ಟರೆ ಸಾಕಲ್ವಾ ಎಂದು ನಮ್ಮ ಯಜಮಾನರು ಕೇಳುತ್ತಿದ್ದಾರೆ. ನಮ್ಮದು ಹಳೇ ಮನೆ, ಬಚ್ಚಲ ಬಾಗಿಲು ಕಿರಿದು.
— ಓದುಗರು, ಹನುಮಂತನಗರ

ಉತ್ತರ: ಸ್ಟೂಲ್ ಸಾಕಾಗುವುದಿಲ್ಲ. ಟಿವಿ ಮುಂದೆ ಕೂತಿರುವ ತನಕ ಪರವಾಗಿಲ್ಲ, ಆದರೆ ಚೇರ್ ಮುಂದೆ ಹೋದರೆ ಸ್ಟೂಲ್ ಜೊತೆಗೆ ಬರುವುದಿಲ್ಲವಲ್ಲ. ಹಾಲ್‌ನಿಂದ ರೂಮಿಗೆ, ರೂಮಿನಿಂದ ಬಚ್ಚಲಿಗೆ ಹೋಗುವಾಗಲೆಲ್ಲ ಒಬ್ಬರು ಚೇರ್ ತಳ್ಳಬೇಕು, ಇನ್ನೊಬ್ಬರು ಬಗ್ಗಿಕೊಂಡು ಕಾಲು ಹಿಡಿದು ನಡೆಯಬೇಕು. ಎರಡು ದಿನ ಮಾಡಬಹುದು, ಆರು ವಾರ ಆಗುವುದಿಲ್ಲ. ಕಾಲು ಮಡಚಲೇಬಾರದು ಎಂದು ಡಾಕ್ಟರು ಹೇಳಿರುವಾಗ ಕಾಲು ಎತ್ತಿಡುವ ಚೇರ್ ನಿಜವಾಗಿಯೂ ಬೇಕಾದದ್ದೇ. ಆದರೆ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಬಾಡಿಗೆಯದು ಎಂದು ಸುಮ್ನೆ ಕಣ್ಣು ಮುಚ್ಚಿ ತರಬೇಡಿ. ಕೆಲವು ವರ್ಷದ ಹಿಂದೆ ನಮ್ಮ ಅಮ್ಮನ ಮಂಡಿಚಿಪ್ಪು ಒಡೆದಾಗ ನಾವು ಹಾಗೆಯೇ ತಂದೆವು. ಕಾಲು ಎತ್ತಿಡುವಂಥದ್ದು ಕೊಡಿ ಎಂದೆವು, ಅಂಗಡಿಯವರು ಕೊಟ್ಟರು. ಅಮ್ಮನ ಕಾಲಿನ ಉದ್ದಕ್ಕೆ ಅದನ್ನು ಹೊಂದಿಸಬೇಕು ಎಂದು ಅವರೂ ಹೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ಮೀನಖಂಡಕ್ಕೆ ಆಸರೆ ಕೊಡುವ ದಿಂಬು ಬೇರೆಲ್ಲೋ ಇತ್ತು, ಇಡೀ ಕಾಲಿನ ಭಾರ ಹಿಮ್ಮಡಿ ಮೇಲೆ ಬಿತ್ತು. ಹತ್ತು ದಿನದಲ್ಲಿ ಹಿಮ್ಮಡಿ ಕೆಂಪಾಗಿ ಹುಣ್ಣಾಯಿತು. ಅಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ ಇತ್ತು. ಮೂಳೆ ಕೂಡಿಕೊಂಡ ಮೇಲೂ ಆ ಹುಣ್ಣಿಗೆ ಡ್ರೆಸಿಂಗ್ ಮಾಡಿಸಲು ಓಡಾಡಿದೆವು. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಹೊಂದಿಸುವುದು ಕಷ್ಟವಲ್ಲ. ಸೀಟಿನ ಮುಂತುದಿಯಲ್ಲಿ ಒಂದು ಕೀಲು ಇರುತ್ತದೆ, ಅಲ್ಲಿಂದ ಒಂದು ಪೈಪು ಕೆಳಗೆ ಬಂದು ಪಾದದ ಪ್ಲೇಟಿಗೆ ಸೇರುತ್ತದೆ. ಮೇಲೆತ್ತಿದರೆ ಒಳಗಿರುವ ಹಲ್ಲಿನಿಂದ ಹಲ್ಲಿಗೆ ಟಕ್ ಟಕ್ ಎಂದು ನಿಲ್ಲುತ್ತಾ ಹೋಗುತ್ತದೆ, ಪಕ್ಕದ ಲಿವರ್ ಒತ್ತಿದರೆ ಕೆಳಗಿಳಿಯುತ್ತದೆ. ಲಿವರ್ ಒತ್ತುವ ಮುಂಚೆ ಇನ್ನೊಂದು ಕೈಯಲ್ಲಿ ಕಾಲನ್ನೂ ಪೈಪನ್ನೂ ಸೇರಿಸಿ ಹಿಡಿದುಕೊಂಡಿರಬೇಕು, ಇಲ್ಲದಿದ್ದರೆ ಆಪರೇಷನ್ ಆದ ಕಾಲು ಧಡ್ ಎಂದು ಬೀಳುತ್ತದೆ.

ಇನ್ನೊಂದು ಮಾತು, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಚೇರಿನ ಕೀಲು ಮತ್ತು ನಮ್ಮ ಮಂಡಿ ಒಂದೇ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಕಾಲು ಇಳಿಬಿಟ್ಟಾಗ ಸರಿಯಾಗಿದ್ದ ಉದ್ದ ಕಾಲು ಎತ್ತಿದಾಗ ಸಾಲದೆ ಹೋಗುತ್ತದೆ, ಪ್ಲೇಟು ಪಾದವನ್ನು ಹಿಂದಕ್ಕೆ ನೂಕುತ್ತದೆ. ಕೆಲವು ದುಬಾರಿ ಮಾಡೆಲ್‌ಗಳಲ್ಲಿ ಎತ್ತಿದಂತೆ ಪೈಪೂ ಉದ್ದವಾಗುತ್ತದೆ, ಮಾಮೂಲಿಯವುಗಳಲ್ಲಿ ಇಲ್ಲ. ಆದ್ದರಿಂದ ಅತ್ತೆಯವರನ್ನು ಕೂರಿಸಿ, ಕಾಲು ನೇರವಾಗಿ ಎತ್ತಿಟ್ಟು, ಆ ಸ್ಥಿತಿಯಲ್ಲೇ ಉದ್ದ ಸರಿಮಾಡಿ ಬೋಲ್ಟ್ ಬಿಗಿ ಮಾಡಿ. ದಿಂಬು ಮೀನಖಂಡದ ದಪ್ಪ ಭಾಗಕ್ಕೆ ಬರಲಿ, ಮಂಡಿಯ ಹಿಂದಿನ ಗುಳಿಗೆ ಒತ್ತಬಾರದು. ಹಿಮ್ಮಡಿ ಮೇಲೆ ಭಾರ ಬೀಳದೆ ತೇಲಿದ ಹಾಗೆ ಇರಬೇಕು. ಎಡಗಾಲಿನ ಪ್ಲೇಟು ಕೆಳಗೇ ಇರಲಿ, ನೆಲದಿಂದ 2 ಇಂಚಾದರೂ ಮೇಲಿರಲಿ, ಇಲ್ಲದಿದ್ದರೆ ಹೊಸ್ತಿಲಿಗೆ ಬಡಿಯುತ್ತದೆ.

ಕಾಲು ನೀಟಾಗಿ ಚಾಚಿ ನೆಟ್ಟಗೆ ಕೂತರೆ ತೊಡೆಯ ಹಿಂದಿನ ಸ್ನಾಯು ಎಳೆಯುತ್ತದೆ, ಆ ಎಳೆತಕ್ಕೆ ಸೊಂಟ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜಾರುತ್ತದೆ. ಅರ್ಧ ಗಂಟೆಗೊಮ್ಮೆ ನೋಡಿ, ಹಿಂದಕ್ಕೆ ಸರಿಸಿ ಕೂರಿಸಿ. ಬೆನ್ನು ಸ್ವಲ್ಪ ಹಿಂದಕ್ಕೆ ವಾಲಿಸಬಹುದಾದ ಚೇರ್ ಸಿಕ್ಕರೆ ಅದೇ ಒಳ್ಳೆಯದು.

ಈಗ ಬಾಗಿಲಿನ ವಿಷಯ. ಹಳೇ ಮನೆ ಎಂದಿರಿ, ನನಗೆ ಜಾಸ್ತಿ ಚಿಂತೆ ಆಗುತ್ತಿರುವುದು ಅದೇ. ಮೊದಲು ಅತ್ತೆಯವರನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಸೊಂಟದ ಅಗಲ ಅಳೆಯಿರಿ, ಅದಕ್ಕೆ ಎರಡೂ ಕಡೆ ಒಂದೊಂದು ಇಂಚು ಸೇರಿಸಿದರೆ ಸೀಟಿನ ಅಗಲ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 18 ಇಂಚಿನ ಸೀಟು. ಆದರೆ ದೊಡ್ಡ ಚಕ್ರವನ್ನು ಕೈಯಲ್ಲಿ ತಿರುಗಿಸುವಂಥ ಚೇರಿನ ಒಟ್ಟು ಅಗಲ 24ರಿಂದ 26 ಇಂಚು ಆಗುತ್ತದೆ. ನಿಮ್ಮ ಬಚ್ಚಲ ಬಾಗಿಲು 2 ಅಡಿಯದಾದರೆ ಆ ಚೇರ್ ಒಳಗೆ ಹೋಗುವುದೇ ಇಲ್ಲ. ನಾಲ್ಕೂ ಚಿಕ್ಕ ಚಕ್ರ ಇರುವ, ಬೇರೆಯವರು ತಳ್ಳುವಂಥ ಚೇರ್ ಇನ್ನೂ ಕಿರಿದಾಗಿರುತ್ತದೆ, ಅದನ್ನು ಕೇಳಿ ನೋಡಿ. ಅದೂ ಆಗದಿದ್ದರೆ ಆರು ವಾರದ ಮಟ್ಟಿಗೆ ರೂಮಿನಲ್ಲೇ ಕಮೋಡ್ ಚೇರ್ ಇಟ್ಟುಬಿಡಿ. ಅತ್ತೆಯವರಿಗೆ ಮುಜುಗರ ಆಗುತ್ತದೆ, ಗೊತ್ತು. ಒಂದು ಪರದೆ ಕಟ್ಟಿ, ನೀವೇ ನಿಧಾನವಾಗಿ ಮಾತಾಡಿ. ಒದ್ದೆ ಬಚ್ಚಲಲ್ಲಿ ಒಂಟಿ ಕಾಲಲ್ಲಿ ಕುಪ್ಪಳಿಸುವುದಂತೂ ಬೇಡವೇ ಬೇಡ.

ಉದ್ದವನ್ನೂ ಮರೆಯಬೇಡಿ. ಪಾದ ಇಳಿಬಿಟ್ಟಾಗ ಸುಮಾರು 42 ಇಂಚು ಇರುವ ಚೇರ್, ಕಾಲು ಚಾಚಿದಾಗ ಇನ್ನೂ ಒಂದು ಅಡಿ ಉದ್ದವಾಗಬಹುದು. ಕಿರಿದಾದ ಓಣಿಯಂಥ ಪಡಸಾಲೆಯಲ್ಲಿ ತಿರುಗಿಸಲು ಹೋದರೆ ಮೊದಲು ಗೋಡೆಗೆ ತಾಗುವುದು ಆ ನೋವಿರುವ ಪಾದವೇ. ರೂಮಿನೊಳಗೆ ಹೋಗುವಾಗ ಚೇರನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ. ಇಳಿಜಾರು ಇಳಿಯುವಾಗಲೂ ಹಾಗೆಯೇ, ಚಾಚಿದ ಕಾಲಿನ ಭಾರಕ್ಕೆ ಚೇರ್ ಮುಂದಕ್ಕೆ ಮಗುಚಬಹುದು. ಮನೆ ಮುಂದೆ 4 ಇಂಚಿನ ಒಂದು ಮೆಟ್ಟಿಲಿದ್ದರೆ 4 ಅಡಿ ಉದ್ದದ ಹಲಗೆ ಬೇಕು, 1 ಇಂಚು ಎತ್ತರಕ್ಕೆ 12 ಇಂಚು ಉದ್ದದ ಲೆಕ್ಕ. ಗಿಡ್ಡ ಹಲಗೆ ಹಾಕಿ ಬಲವಂತವಾಗಿ ನೂಕುವುದು ಬೇಡ.

ಆರಿಸುವಾಗ ಎರಡು ಅಂಶ ಬಿಡಬೇಡಿ. ಲೆಗ್‌ರೆಸ್ಟ್, ಅಂದರೆ ಕಾಲು ಇಡುವ ಆಸರೆ, ಪಕ್ಕಕ್ಕೆ ಸರಿದು ಪೂರ್ತಿ ಕಳಚಿ ಬರಬೇಕು, ಕೈ ಇಡುವ ಆಸರೆ ಮೇಲಕ್ಕೆ ಮಡಚಬೇಕು. ಆಗ ಮಂಚದಿಂದ ಚೇರಿಗೆ ಪಕ್ಕಕ್ಕೆ ಸರಿಯುವುದು ಸುಲಭ. ಚೇರನ್ನು ಅವರ ಒಳ್ಳೆಯ ಕಾಲಿನ ಕಡೆ ನಿಲ್ಲಿಸಿ, ಎರಡೂ ಬ್ರೇಕ್ ಹಾಕಿ, ಆಮೇಲೆ ಎಬ್ಬಿಸಿ. ಭಾರದ ಬಗ್ಗೆ ಹೇಳುವುದಾದರೆ, ಕಬ್ಬಿಣದ್ದು ಲೆಗ್‌ರೆಸ್ಟ್ ಸೇರಿ 20 ಕೆಜಿ ಆಸುಪಾಸು ಇರುತ್ತದೆ, ಅಲ್ಯೂಮಿನಿಯಂನದು ಹಗುರ. ಮನೆಯೊಳಗೆ ಮಾತ್ರ ಓಡಾಡುವುದಾದರೆ ಕಬ್ಬಿಣದ್ದೇ ಸಾಕು. ವಾರ ವಾರ ಕಾರಿನ ಡಿಕ್ಕಿಗೆ ಎತ್ತಿ ಹಾಕಬೇಕಾದರೆ ನಿಮ್ಮ ಯಜಮಾನರ ಬೆನ್ನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪಟ್ಟಿ ಹಾಕಿದ ಕಾಲಿನ ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಕಾಲು ಎತ್ತಿಟ್ಟರೂ ನೋವು ಏರುತ್ತಲೇ ಹೋದರೆ, ಬೆಳಿಗ್ಗೆ ತನಕ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನಮ್ಮ ತಂದೆಗೆ ಎರಡು ವರ್ಷದ ಹಿಂದೆ ಪಾರ್ಶ್ವವಾಯು ಆಯಿತು. ದಿನವೆಲ್ಲ ವೀಲ್‌ಚೇರಿನಲ್ಲೇ ಇರುತ್ತಾರೆ. ಸಂಜೆ ಹೊತ್ತಿಗೆ ಎರಡೂ ಪಾದ ಊದಿಕೊಳ್ಳುತ್ತವೆ. ಕಾಲು ಎತ್ತಿಡುವ ಚೇರ್ ತಂದರೆ ಊತ ಇಳಿಯುತ್ತದಾ?
— ಓದುಗರು, ಯಲಹಂಕ

ಉತ್ತರ: ನೀವು ಅಂದುಕೊಂಡಷ್ಟು ಇಳಿಯುವುದಿಲ್ಲ. ಊತ ಇಳಿಯಬೇಕಾದರೆ ಪಾದ ಎದೆಗಿಂತ ಮೇಲಿರಬೇಕು. ಈ ಚೇರಿನಲ್ಲಿ ನೆಟ್ಟಗೆ ಕೂತಾಗ ಕಾಲು ಹೆಚ್ಚೆಂದರೆ ಸೊಂಟದ ಮಟ್ಟಕ್ಕೆ ಬರುತ್ತದೆ, ಅಷ್ಟೇ. ಮಧ್ಯಾಹ್ನ ಒಂದು ಗಂಟೆ ಮಂಚದ ಮೇಲೆ ಮಲಗಿಸಿ, ಕಾಲ ಕೆಳಗೆ ಎರಡು ದಿಂಬು ಇಟ್ಟರೆ ಅದಕ್ಕಿಂತ ಜಾಸ್ತಿ ಉಪಯೋಗ. ಅದಕ್ಕೆ ದುಡ್ಡೂ ಬೇಡ.

ಆದರೆ ಅದಕ್ಕೂ ಮುಂಚೆ ಡಾಕ್ಟರಿಗೆ ತೋರಿಸಿ. ಊತ ಕಾಲು ಇಳಿಬಿಟ್ಟು ಕೂರುವುದರಿಂದಲೂ ಬರುತ್ತದೆ, ಹೃದಯ, ಕಿಡ್ನಿ, ಲಿವರ್ ತೊಂದರೆಯಿಂದಲೂ ಬರುತ್ತದೆ, ಬಿಪಿಗೆ ಕೊಡುವ ಅಮ್ಲೊಡಿಪಿನ್ ಮಾತ್ರೆಯಿಂದಲೂ ಬರಬಹುದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹೃದಯ ದುರ್ಬಲ ಇರುವವರಿಗೆ ಕಾಲು ಎತ್ತಿದರೆ ಉಸಿರಾಟ ಕಷ್ಟವಾಗಬಹುದು. ಕಾಲಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದ್ದರೆ ಎತ್ತಿದಷ್ಟೂ ನೋವು ಹೆಚ್ಚುತ್ತದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ, ಆ ದಿನವೇ ತೋರಿಸಿ.

ಪಾರ್ಶ್ವವಾಯು ಆದ ಕಾಲಿನಲ್ಲಿ ತೊಡೆಯ ಹಿಂದಿನ ಸ್ನಾಯು ಬಿಗಿದುಕೊಂಡಿರುವುದು ಸಾಮಾನ್ಯ. ಅಂಥ ಕಾಲನ್ನು ಚೇರಿನಲ್ಲಿ ಎತ್ತಿದರೆ ಅವರು ಸೀಟಿನಿಂದಲೇ ಮುಂದಕ್ಕೆ ಜಾರುತ್ತಾರೆ, ಜಾರಿ ಜಾರಿ ಬೆನ್ನ ಬುಡದಲ್ಲಿ ಹುಣ್ಣಾಗುತ್ತದೆ. ಫಿಸಿಯೋ ಒಬ್ಬರು ಮಂಡಿ ಎಷ್ಟು ಚಾಚುತ್ತದೆ ಎಂದು ನೋಡಿ ಹೇಳುವ ತನಕ ಕೊಳ್ಳಬೇಡಿ. ಬೇಕೇ ಬೇಕು ಎಂದಾದರೆ ಸೀಟೂ ಬೆನ್ನೂ ಒಟ್ಟಿಗೆ ಹಿಂದಕ್ಕೆ ವಾಲುವ ಚೇರ್ ನೋಡಿ. ಅಪಾರ್ಟ್‌ಮೆಂಟ್ ಆಗಿದ್ದರೆ ಲಿಫ್ಟಿನ ಒಳ ಉದ್ದವನ್ನೂ ಅಳೆಯಿರಿ. ಆರು ಜನರ ಲಿಫ್ಟ್ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸು ಇರುತ್ತದೆ, ಚಾಚಿದ ಕಾಲಿಗೆ ಅಲ್ಲಿ ಜಾಗ ಇರುವುದಿಲ್ಲ.

ಪ್ರಶ್ನೆ: ಬಾಡಿಗೆಗೆ ತಂದ ಚೇರಿನಲ್ಲಿ ಎತ್ತಿಟ್ಟ ಲೆಗ್‌ರೆಸ್ಟ್ ತಾನಾಗಿ ಕೆಳಗೆ ಜಾರುತ್ತದೆ. ಹಗ್ಗ ಕಟ್ಟಿದ್ದೇವೆ. ನಡೆಯುತ್ತದಾ?
— ಓದುಗರು, ವಿಜಯನಗರ

ಉತ್ತರ: ನಡೆಯುವುದಿಲ್ಲ. ಒಳಗಿನ ಹಲ್ಲು ಸವೆದಿದೆ, ಅಥವಾ ಸ್ಪ್ರಿಂಗ್ ಹೋಗಿದೆ. ಇವತ್ತೇ ವಾಪಸ್ ಕೊಟ್ಟು ಬೇರೆ ತನ್ನಿ. ಹೊಸದು ತರುವಾಗ ಅಂಗಡಿಯಲ್ಲೇ ಲೆಗ್‌ರೆಸ್ಟ್ ಎತ್ತಿ, ಅದರ ಮೇಲೆ ಕೈಯಿಂದ ಜೋರಾಗಿ ಒತ್ತಿ ನೋಡಿ. ಎಲ್ಲ ಹಲ್ಲಿನಲ್ಲೂ ನಿಲ್ಲಬೇಕು.

ಪ್ರಶ್ನೆ: ನಮ್ಮ ತಾಯಿಗೆ 70 ವರ್ಷ, ಬಿಪಿಎಲ್ ಕಾರ್ಡ್ ಇದೆ. ವೀಲ್‌ಚೇರ್ ಉಚಿತವಾಗಿ ಸಿಗುತ್ತದಾ?
— ಓದುಗರು, ಕೆಂಗೇರಿ

ಉತ್ತರ: ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. 60 ದಾಟಿದ ಬಿಪಿಎಲ್ ಹಿರಿಯರಿಗೆ ಕೋಲು, ವಾಕರ್, ವೀಲ್‌ಚೇರ್ ಎಲ್ಲ ಕೊಡುತ್ತಾರೆ. ಕೃತಕ ಕೈಕಾಲು ತಯಾರಿಸುವ ಕೇಂದ್ರ ಸರ್ಕಾರದ ಅಲಿಮ್ಕೋ ಸಂಸ್ಥೆ ಶಿಬಿರ ಮಾಡಿ ಹಂಚುತ್ತದೆ. ಶಿಬಿರ ಯಾವಾಗ ಎಂದು ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ಕೇಳಿ. ಕಾಲು ಎತ್ತಿಡುವಂಥದ್ದೇ ಬೇಕಿದ್ದರೆ ಮೊದಲೇ ಹೇಳಿ, ಡಾಕ್ಟರ ಚೀಟಿ ತೋರಿಸಿ. ಬೆಂಗಳೂರಿನಲ್ಲಿ ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಮತ್ತು ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಈ ಕ್ಷೇತ್ರದಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿವೆ, ಎಪಿಡಿ ಅಂತೂ 1959ರಿಂದ ಇದೆ. ಅಲ್ಲಿಯೂ ವಿಚಾರಿಸಿ. ಹೋಗುವಾಗ ತಾಯಿಯನ್ನು ಕರೆದುಕೊಂಡೇ ಹೋಗಿ, ಅಳತೆ ಅವರನ್ನು ಕೂರಿಸಿಯೇ ತೆಗೆಯಬೇಕು.