ಮಳೆಗಾಲದಲ್ಲಿ ಒಬ್ಬರೇ ಚಾರಣ ಹೋಗಲು ಒಂದು ಕಿಲೋ ತೂಕದ ಟೆಂಟು ಸಾಕೇ?

ಜುಲೈ ತಿಂಗಳಲ್ಲಿ ಸಕಲೇಶಪುರದಿಂದ ಮೂಡಿಗೆರೆಯ ಕಡೆಗೆ ನಾಲ್ಕು ದಿನ ಒಬ್ಬರೇ ನಡೆಯುವುದು, ರಾತ್ರಿ ಒಂದು ಕಿಲೋಗಿಂತ ಹಗುರವಾದ ಒಬ್ಬರ ಟೆಂಟಿನಲ್ಲಿ ಮಲಗುವುದು, ಆ ಟೆಂಟು ಒಂದೇ ಪದರದ್ದಾದರೆ ಮಲೆನಾಡಿನ ಮಳೆಯನ್ನು ತಡೆದೀತೇ ಎಂಬ ಅನುಮಾನ: ನೀವು ಬರೆದಿರುವ ಇಷ್ಟನ್ನೂ ಆರು ವರ್ಷಗಳ ಹಿಂದೆ ಹಾಸನದ ಬಾಡಿಗೆ ಕೋಣೆಯಲ್ಲಿ ಕುಳಿತು ನಾನೂ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ. ನನ್ನ ಟೆಂಟು ಮೇಲಿನಿಂದ ಬಿದ್ದ ಮಳೆಯನ್ನು ತಡೆಯಿತು. ಆದರೂ ನಡುರಾತ್ರಿ ಎರಡು ಗಂಟೆಗೆ ಅದನ್ನು ಅಲ್ಲಿಯೇ ಬಿಟ್ಟು ಎದ್ದು ಬರಬೇಕಾಯಿತು.

ಟೆಂಟಿನ ತೂಕ 900 ಗ್ರಾಂ. ಸಿಲಿಕೋನ್ ಲೇಪಿಸಿದ ತೆಳುವಾದ ನೈಲಾನ್ ಬಟ್ಟೆ, ಒಂದೇ ಪದರ, ಕಂಬದ ಬದಲಿಗೆ ನಡೆಯುವ ಕೋಲನ್ನೇ ನಿಲ್ಲಿಸಿ ಕಟ್ಟುವ ಬಗೆ. ಅರ್ಧ ತಿಂಗಳ ಸಂಬಳವನ್ನು ಅದಕ್ಕೂ ಬಾತುಕೋಳಿಯ ತುಪ್ಪುಳ ತುಂಬಿದ ಸ್ಲೀಪಿಂಗ್ ಬ್ಯಾಗಿಗೂ ಸುರಿದಿದ್ದೆ. ದೂರದ ನಡಿಗೆಗೆ ಮುಂಚೆ ಒಂದು ರಾತ್ರಿ ಪರೀಕ್ಷೆ ಮಾಡಿಬಿಡೋಣವೆಂದು ಮೂಡಿಗೆರೆ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಕಾಫಿ ತೋಟಕ್ಕೆ ಹೋದೆ. ತೋಟದ ನೆತ್ತಿಯಲ್ಲಿ ಅವರದೇ ಒಂದು ಹುಲ್ಲುಗಾವಲಿದೆ. ಮೋಡ ಸರಿದರೆ ಅಲ್ಲಿಂದ ಎತ್ತಿನಭುಜ ಬೆಟ್ಟ ಕಾಣಿಸುತ್ತದೆ. ಪುಷ್ಯ ಮಳೆ ಹಿಡಿದು ನಾಲ್ಕೈದು ದಿನವಾಗಿದ್ದುದರಿಂದ ಆ ದಿನ ಅದು ಕಾಣಿಸಲಿಲ್ಲ.

ಈಗ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಟೆಂಟಿನ ಬಗ್ಗೆ ನಾನು ಓದಿದ್ದೆಲ್ಲವೂ ಮೇಲ್ಬಟ್ಟೆಯ ಕುರಿತಾಗಿತ್ತು, ತಪ್ಪು ನಡೆದದ್ದು ಕೆಳಗೆ.

ತಳದ ಬಟ್ಟೆ ತೀರ ತೆಳುವಾಗಿದ್ದರಿಂದ ಹುಲ್ಲಿನ ಕೂಳೆಯೋ ಮುಳ್ಳೋ ಚುಚ್ಚಿ ತೂತಾದೀತೆಂಬ ಭಯ ನನಗಿತ್ತು. ಮಾವನ ಕಣದ ಮೂಲೆಯಲ್ಲಿ ಕಾಫಿ ಒಣಗಿಸುವಾಗ ಬಳಸುವ ಹಳೆಯ ಟಾರ್ಪಾಲು ಬಿದ್ದಿತ್ತು. ಅದರಲ್ಲಿ ಒಂದು ತುಂಡನ್ನು ಕತ್ತರಿಸಿ ಟೆಂಟಿನ ಕೆಳಗೆ ಹಾಸಿದೆ. ಹಾಸುವಾಗ ನಾಲ್ಕೂ ಕಡೆ ಒಂದೊಂದು ಗೇಣು ಹೊರಗೆ ಬಿಟ್ಟೆ. ಶೂ ಬಿಚ್ಚಿಡಲು ಕೆಸರಿಲ್ಲದ ಜಾಗ ಇರಲಿ, ಒಳಗೆ ಹೋಗುವಾಗ ಮಣ್ಣು ಮೆತ್ತದಿರಲಿ ಎಂಬುದು ನನ್ನ ಲೆಕ್ಕಾಚಾರ. ಟೆಂಟಿಗೂ ಒಂದು ಜಗುಲಿ ಆಯಿತೆಂದು ಹಿಗ್ಗಿ ಅದರ ಫೋಟೋವನ್ನೂ ತೆಗೆದೆ.

ಟೆಂಟಿನ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗಬೇಕು? ಅಂಚಿನಿಂದ ತೊಟ್ಟಿಕ್ಕಿ ಹುಲ್ಲಿಗೆ ಬಿದ್ದು ನೆಲಕ್ಕೆ ಇಳಿದು ಇಳಿಜಾರಿನಲ್ಲಿ ಹರಿದುಹೋಗಬೇಕು. ನನ್ನ ಟೆಂಟಿನಲ್ಲಿ ಆ ಅಂಚಿನ ಕೆಳಗೆ ಹುಲ್ಲಿರಲಿಲ್ಲ, ನಾನು ಬಿಟ್ಟ ಜಗುಲಿ ಇತ್ತು. ಸಾಲದೆಂಬಂತೆ, ನೈಲಾನ್ ನೀರು ಕುಡಿದರೆ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಎಳೆದು ಕಟ್ಟಿದ್ದ ಬಟ್ಟೆ ರಾತ್ರಿ ಹತ್ತರ ಹೊತ್ತಿಗೆ ಸಡಿಲವಾಗಿ, ಜೋತುಬಿದ್ದು, ಟಾರ್ಪಾಲಿನ ಮೇಲೆ ನೇರವಾಗಿ ನೀರಿಳಿಸುತ್ತಿತ್ತು. ಟಾರ್ಪಾಲು ಆ ನೀರನ್ನು ನೆಲಕ್ಕೆ ಬಿಡದೆ ಒಳಗೆ ಒಯ್ದು, ತನಗೂ ಟೆಂಟಿನ ತಳಕ್ಕೂ ನಡುವೆ ಶೇಖರಿಸಿತು.

ಎಷ್ಟು ನೀರು ಎಂಬುದನ್ನು ಆಮೇಲೆ ಲೆಕ್ಕ ಹಾಕಿದ್ದೇನೆ. ಕಾಫಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಪ್ರತಿದಿನ ಬರೆದಿಡುತ್ತಾರೆಂಬುದು ನಿಮಗೆ ಗೊತ್ತಿರಬಹುದು. ಮಾವನ ಪುಸ್ತಕದಲ್ಲಿ ಆ ದಿನದ ಮಳೆ 2 ಇಂಚು 40 ಸೆಂಟು, ಅಂದರೆ ಸುಮಾರು 61 ಮಿಲಿಮೀಟರ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನನ್ನ ಟೆಂಟಿನ ನೆತ್ತಿ ಎರಡೂವರೆ ಚದರ ಮೀಟರ್. ಮಳೆಯ ಮುಕ್ಕಾಲು ಪಾಲು ರಾತ್ರಿಯೇ ಸುರಿದಿತ್ತೆಂದುಕೊಂಡರೂ ನೂರು ಲೀಟರಿಗಿಂತ ಹೆಚ್ಚು ನೀರು ಆ ಅಂಚುಗಳಿಂದ ಇಳಿದಿದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಒಳಗೆ ನಿಂತರೂ ಒಂದು ಬಿಂದಿಗೆ ನೀರಿನ ಮೇಲೆ ಹಾಸಿಗೆ ಹಾಸಿದಂತಾಯಿತು.

ತಳದ ಬಟ್ಟೆಯೂ ನೀರು ತಡೆಯುವುದಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ನಂಬಿದ್ದೆ, ಏಕೆಂದರೆ ಅದರ ಚೀಟಿಯ ಮೇಲೆ 1500 ಮಿ.ಮೀ. ಎಂದು ಬರೆದಿತ್ತು. ಆ ಅಂಕಿಗೂ ಮಳೆಯ ಪ್ರಮಾಣಕ್ಕೂ ಸಂಬಂಧವಿಲ್ಲ. ಬಟ್ಟೆಯ ಮೇಲೆ ಒಂದೂವರೆ ಮೀಟರ್ ಎತ್ತರದ ನೀರಿನ ಕಂಬ ನಿಂತರೂ ಅದು ಸೋರುವುದಿಲ್ಲ ಎಂಬುದು ಅದರ ಅರ್ಥ. ಒತ್ತಡದ ಲೆಕ್ಕದಲ್ಲಿ ಹೇಳುವುದಾದರೆ ಚದರ ಸೆಂಟಿಮೀಟರಿಗೆ 150 ಗ್ರಾಂ. ಮಲಗಿದ ಮನುಷ್ಯನ ಭಾರ ಉದ್ದಕ್ಕೂ ಹಂಚಿಹೋಗುವುದರಿಂದ ಒತ್ತಡ ಇದಕ್ಕಿಂತ ಎಷ್ಟೋ ಕಡಿಮೆ. ಆದರೆ ಒಬ್ಬರ ಟೆಂಟಿನಲ್ಲಿ ನಿಲ್ಲಲು ಎತ್ತರವಿರುವುದಿಲ್ಲ. ಬಟ್ಟೆ ಬದಲಿಸಲು, ಚೀಲ ತಡಕಲು, ಜಿಪ್ ಎಳೆಯಲು ಎಲ್ಲದಕ್ಕೂ ಮೊಣಕಾಲೂರಲೇಬೇಕು. ಆಗ ನನ್ನದು 64 ಕಿಲೋ. ಒಂದೊಂದು ಮೊಣಕಾಲಿನ ಮೇಲೆ 32 ಕಿಲೋ, ಅದು ಊರುವ ಜಾಗ ಅಂದಾಜು 40 ಚದರ ಸೆಂಟಿಮೀಟರ್ ಎಂದರೆ ಒತ್ತಡ ಚದರ ಸೆಂಟಿಮೀಟರಿಗೆ 800 ಗ್ರಾಂ. ಬಟ್ಟೆ ತಾಳುವುದಕ್ಕಿಂತ ಐದು ಪಟ್ಟು ಹೆಚ್ಚು. ಕೆಳಗೆ ಬರಿಯ ಇಳಿಜಾರು ನೆಲವಿದ್ದಿದ್ದರೆ ಬಟ್ಟೆ ತಣ್ಣಗಾಗಿ ಅಷ್ಟಿಷ್ಟು ತೇವವಾಗುತ್ತಿತ್ತು. ಕೆಳಗೆ ಎಲ್ಲಿಗೂ ಹೋಗಲಾರದ ನೀರು ನಿಂತಿದ್ದುದರಿಂದ, ನಾನು ಮೊಣಕಾಲೂರಿದಲ್ಲೆಲ್ಲ ಒಂದೊಂದು ಊಟೆ ಎದ್ದಿತು.

ಮೊದಲು ಇದು ನನ್ನ ಉಸಿರಿನ ಬೆವರು ಎಂದುಕೊಂಡೆ. ಒಂದೇ ಪದರದ ಟೆಂಟಿನಲ್ಲಿ ಅದೂ ಇದ್ದೇ ಇರುತ್ತದೆ: ರಾತ್ರಿಯಿಡೀ ಬಿಡುವ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಗುಲಿ ಹನಿಗಟ್ಟುತ್ತದೆ, ಗಾಳಿ ಬೀಸಿದಾಗ ಆ ಹನಿಗಳು ಮುಖದ ಮೇಲೆ ಉದುರುತ್ತವೆ. ಬಾಗಿಲನ್ನು ಸ್ವಲ್ಪ ತೆರೆದಿಡಿ ಎಂದು ಎಲ್ಲರೂ ಬರೆಯುತ್ತಾರೆ. ಆಷಾಢದ ಮಲೆನಾಡಿನಲ್ಲಿ ಹೊರಗಿನ ಗಾಳಿಯೇ ನೀರು ತುಂಬಿಕೊಂಡು ನಿಂತಿರುವಾಗ ಬಾಗಿಲು ತೆರೆದು ಆಗುವ ಉಪಕಾರ ಬಹಳವೇನಿಲ್ಲ. ನಾನು ಟಾರ್ಚು ಹಿಡಿದು ಮೇಲೆ ನೋಡುತ್ತ, ಹನಿಗಳನ್ನು ಟವೆಲಿನಿಂದ ಒರೆಸುತ್ತ ಒಂದು ಗಂಟೆ ಕಳೆದೆ. ಆ ಒಂದು ಗಂಟೆಯಲ್ಲಿ ಸ್ಲೀಪಿಂಗ್ ಬ್ಯಾಗಿನ ಅಡಿಭಾಗ ನೀರು ಹೀರಿಕೊಂಡಿತು. ತುಪ್ಪುಳ ಬೆಚ್ಚಗಿಡುವುದು ಅದು ಉಬ್ಬಿಕೊಂಡು ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡಿರುವವರೆಗೆ ಮಾತ್ರ. ಒದ್ದೆಯಾದ ಮೇಲೆ ಅದು ಹಿಂಡಿ ಬಿಸಾಡಿದ ಹತ್ತಿಯಂತೆ ಮುದ್ದೆಯಾಗುತ್ತದೆ. ಎರಡು ಗಂಟೆಗೆ ಹಲ್ಲು ಕಟಕಟಿಸಲು ಶುರುವಾಯಿತು. ಬೆರಳುಗಳಿಗೆ ಜಿಪ್ ಸಿಗುತ್ತಿರಲಿಲ್ಲ.

ಅಲ್ಲಿಂದ ಮಾವನ ಮನೆಗೆ ತೋಟದೊಳಗೆ ಅರ್ಧ ಮೈಲಿ. ಆ ರಾತ್ರಿ ನಾನು ನಿಜವಾಗಿ ಅಪಾಯಕ್ಕೆ ಸಿಕ್ಕಿದ್ದು ಟೆಂಟಿನಲ್ಲಲ್ಲ, ಈ ಅರ್ಧ ಮೈಲಿಯಲ್ಲಿ. ಹಿಂದಿನ ವಾರವಷ್ಟೇ ಆನೆಗಳು ತೋಟಕ್ಕೆ ನುಗ್ಗಿ ಬಾಳೆಯನ್ನೆಲ್ಲ ಮುರಿದುಹಾಕಿದ್ದವು. ಗಾಳಿಗೆ ಸಿಲ್ವರ್ ಓಕ್ ಮರಗಳ ಕೊಂಬೆ ಮುರಿಯುವ ಸದ್ದು ಕೇಳಿದಾಗಲೆಲ್ಲ ನಿಂತು, ಉಸಿರು ಬಿಗಿಹಿಡಿದು, ಮತ್ತೆ ನಡೆದು, ಮೈಯೆಲ್ಲ ಕೆಸರು, ಕಾಲೆಲ್ಲ ಇಂಬಳವಾಗಿ (ಜಿಗಣೆ) ಮನೆಯ ಬಾಗಿಲು ತಟ್ಟಿದೆ. ಅತ್ತೆ ಒಂದು ಮಾತನ್ನೂ ಆಡದೆ ಕಾಳುಮೆಣಸಿನ ಕಷಾಯ ಕಾಯಿಸಿಕೊಟ್ಟು, ಒಲೆಯ ಮುಂದೆ ಕೂರಿಸಿ, ಮೇಲೆ ಕಂಬಳಿ ಹೊದಿಸಿದರು.

ಬೆಳಿಗ್ಗೆ ಮಾವ ಟೆಂಟು ನೋಡಲು ನನ್ನೊಡನೆ ಬಂದರು. ಟಾರ್ಪಾಲಿನ ಅಂಚನ್ನು ಕೊಡೆಯ ತುದಿಯಿಂದ ಎತ್ತಿದಾಗ ನೀರು ಬಳಬಳನೆ ಹೊರಬಿತ್ತು. "ಏನೋ, ಕಣದಲ್ಲಿ ಕಾಫಿ ಮುಚ್ಚೋವಾಗ ಅಡಿ ಹಾಳೆ ಆಚೆ ಬಿಡ್ತೀಯೇನೋ?" ಎಂದರು. ಬಿಡುವುದಿಲ್ಲ. ಅಕಾಲದಲ್ಲಿ ಮೋಡ ಕವಿದಾಗ ಕಣದ ಕಾಫಿಯನ್ನು ರಾಶಿ ಮಾಡಿ, ಅಡಿಯ ಹಾಳೆಯ ಅಂಚನ್ನು ಒಳಕ್ಕೆ ಮಡಚಿ, ಮೇಲಿನದನ್ನು ಅದರಾಚೆ ಇಳಿಬಿಡಬೇಕೆಂಬುದನ್ನು ನಾನು ಹತ್ತು ವರ್ಷದ ಹುಡುಗನಾಗಿದ್ದಾಗಲೇ ಅವರ ಕಣದಲ್ಲಿ ಓಡಾಡಿ ಕಲಿತಿದ್ದೆ. ಬೆಲೆಬಾಳುವ ಟೆಂಟು ಕೈಗೆ ಬಂದ ಕೂಡಲೇ ಅದನ್ನು ಬೇರೆಯೇ ಒಂದು ಶಾಸ್ತ್ರವೆಂದು ತಿಳಿದು, ಗೊತ್ತಿದ್ದುದನ್ನು ಮರೆತಿದ್ದೆ. ಹತ್ತು ದಿನ ಜ್ವರ ಬಂತು, ರಜೆ ಮುಗಿಯಿತು, ನಾಲ್ಕು ದಿನದ ನಡಿಗೆ ನಡೆಯಲೇ ಇಲ್ಲ. ಬೇಸರದಿಂದ ಟೆಂಟನ್ನು ಒದ್ದೆಯಾಗಿಯೇ ಸುತ್ತಿ ಅಟ್ಟದ ಮೇಲೆ ಎಸೆದಿದ್ದರಿಂದ ಮಾರನೆಯ ವರ್ಷ ಬಿಚ್ಚಿದಾಗ ತಳದ ಲೇಪನ ಅಂಟಂಟಾಗಿ, ಮುಗ್ಗಲು ಹಿಡಿದು ನಾರುತ್ತಿತ್ತು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಂದು ಪದರವೋ ಎರಡು ಪದರವೋ ಎಂದು ಕೇಳಿದ್ದೀರಿ. ಎರಡು ಪದರದ್ದೇ ಮೇಲು; ಒಳಗಿನ ಜಾಲರಿಯಿಂದಾಗಿ ಹನಿಗಟ್ಟಿದ ಹೊರಬಟ್ಟೆ ಮೈಗೆ ತಾಗುವುದಿಲ್ಲ, ತೂಕ ಅರ್ಧ ಕಿಲೋ ಹೆಚ್ಚಾದರೆ ಆಗಲಿ. ನೈಲಾನಿಗಿಂತ ಪಾಲಿಯೆಸ್ಟರ್ ಬಟ್ಟೆ ಮಳೆಯಲ್ಲಿ ಕಡಿಮೆ ಜೋತುಬೀಳುತ್ತದೆ. ತೂಕದ ವಿಷಯದಲ್ಲಿ ಇಷ್ಟು ತಿಳಿದಿರಿ: ನನ್ನ 900 ಗ್ರಾಮಿನ ಟೆಂಟನ್ನು ಆ ಬೆಳಿಗ್ಗೆ ಕೊಡವಿ, ಸುತ್ತಿ ಮಾವನ ತಕ್ಕಡಿಯಲ್ಲಿಟ್ಟಾಗ ಒಂದೂಕಾಲು ಕಿಲೋ ದಾಟಿತ್ತು. ಎರಡನೆಯ ದಿನದಿಂದ ನೀವು ಹೊರುವುದು ಆ ತೂಕವನ್ನೇ ಹೊರತು ಅಂಗಡಿಯ ಚೀಟಿಯಲ್ಲಿರುವುದನ್ನಲ್ಲ.

ಆದರೆ ಈ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜುಲೈ ತಿಂಗಳಲ್ಲಿ ಸಕಲೇಶಪುರ, ಮೂಡಿಗೆರೆಗಳ ನಡುವೆ ಟೆಂಟಿನಲ್ಲಿ ಮಲಗುವ ಅಗತ್ಯ ನಿಮಗೇಕೆ ಬಂತು? ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿಯಿಲ್ಲದೆ ತಂಗುವುದು ಅಪರಾಧ. ಅರಣ್ಯದ ಹೊರಗಿರುವುದೆಲ್ಲ ಬಹುಪಾಲು ಯಾರದೋ ತೋಟ, ಯಾರದೋ ಗದ್ದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಕಾಡಾನೆಗಳು ರಾತ್ರಿ ಓಡಾಡುತ್ತವೆ, ಅಲ್ಲಿ ಹುಟ್ಟಿ ಬೆಳೆದವರೇ ಕತ್ತಲಾದ ಮೇಲೆ ಒಬ್ಬರೇ ಹೊರಗೆ ಕಾಲಿಡಲು ಹಿಂಜರಿಯುತ್ತಾರೆ. ಮಂಜು ಮುಸುಕಿದ ತೋಟದಲ್ಲಿ ಬೂದುಬಣ್ಣದ ಟೆಂಟಿನೊಳಗೆ ಮಲಗಿದವರನ್ನು ಆನೆಯೂ ಕಾಣುವುದಿಲ್ಲ, ತೋಟದ ಕಾವಲಿನವರೂ ಕಾಣುವುದಿಲ್ಲ. ಹೋಂಸ್ಟೇಗಳಿಗೆ ಕೊಡಲು ದುಡ್ಡಿಲ್ಲವೆಂದು ಬರೆದಿದ್ದೀರಿ. ನೀವು ಕೊಳ್ಳಬೇಕೆಂದಿರುವ ಟೆಂಟಿನ ಬೆಲೆಯಲ್ಲಿ ಮಳೆಗಾಲದ ದರಕ್ಕೆ ನಾಲ್ಕು ರಾತ್ರಿ ಒಣ ಕೋಣೆ, ಬಿಸಿ ಊಟ ಎರಡೂ ಸಿಗುತ್ತವೆ, ಚೌಕಾಸಿ ಮಾಡಿದರೆ ವಾಪಸು ಬರುವ ಬಸ್ಸಿನ ಚಾರ್ಜೂ ಉಳಿಯುತ್ತದೆ. ಹಗಲೆಲ್ಲ ನೆನೆಯುತ್ತ ನಡೆಯಿರಿ, ಅದರ ಸುಖವೇ ಬೇರೆ; ರಾತ್ರಿ ಹೆಂಚಿನ ಕೆಳಗೆ ಮಲಗಿರಿ. ಟೆಂಟಿನ ಆಸೆ ಬಿಡದಿದ್ದರೆ ದೀಪಾವಳಿ ಕಳೆಯಲಿ.

ತುಪ್ಪುಳದ ಸ್ಲೀಪಿಂಗ್ ಬ್ಯಾಗನ್ನಂತೂ ಮಳೆಗಾಲಕ್ಕೆ ಕೊಳ್ಳಲೇಬೇಡಿ. ಅಲ್ಲಿ ಹಿಮ ಬೀಳುವುದಿಲ್ಲ. ಗದ್ದೆ ಕೆಲಸದವರು ಕಂಬಳಿಯ ಕೊಪ್ಪೆ ಹಾಕಿಕೊಂಡು ಇಡೀ ಮಳೆಗಾಲ ಕಳೆಯುತ್ತಿದ್ದುದು ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆಂಬ ಕಾರಣಕ್ಕೆ. ಅಂದು ಒಲೆಯ ಮುಂದೆ ನನ್ನ ನಡುಕ ನಿಲ್ಲಿಸಿದ್ದೂ ಅಂಥದೇ ಒಂದು ಹಳೆಯ ಕಂಬಳಿ.

ಇಷ್ಟು ಓದಿಯೂ ಟೆಂಟು ಕೊಂಡೇ ತೀರುತ್ತೀರಾದರೆ, ಅಥವಾ ಈಗಾಗಲೇ ಕೊಂಡಿದ್ದರೆ, ತಗ್ಗಿನಲ್ಲಿಯೂ ಒಣಮರದ ಕೆಳಗೂ ಕಟ್ಟಬೇಡಿ. ಕೆಳಗೆ ಹಾಸುವ ಹಾಳೆ ಟೆಂಟಿನ ತಳಕ್ಕಿಂತ ಎಲ್ಲ ಕಡೆಯೂ ನಾಲ್ಕು ಬೆರಳು ಒಳಗೇ ಇರಲಿ. ಅಷ್ಟು ಅಳತೆಗೆ ಕತ್ತರಿಸಲು ಬೇಸರವಾದರೆ ಹಾಸಲೇಬೇಡಿ. ಹೊರಡುವ ಮುನ್ನ ನಿಮ್ಮ ಮನೆಯ ಅಂಗಳದಲ್ಲಿಯೇ ಟೆಂಟು ಕಟ್ಟಿ, ಒಳಗೆ ಹಳೆಯ ದಿನಪತ್ರಿಕೆಯೊಂದನ್ನು ಹರಡಿ, ಮನೆಯವರಿಗೆ ಅರ್ಧ ಗಂಟೆ ಪೈಪಿನಿಂದ ನೀರು ಬಿಡಲು ಹೇಳಿ, ನೀವು ಆ ಪತ್ರಿಕೆಯ ಮೇಲೆ ಹತ್ತು ನಿಮಿಷ ಮೊಣಕಾಲೂರಿ ಕುಳಿತುಕೊಳ್ಳಿ. ಆಮೇಲೆ ಎದ್ದು ಪತ್ರಿಕೆಯನ್ನು ಎತ್ತಿ ನೋಡಿ.